ಬಿಲ್ಲಿನ ಮನೆಯವರ ಕಂಚಿನ ಮೂಸ್

ಯಲಹಂಕ ಉಪನಗರದಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಯೋಗಾನಂದನಿಗೆ ಆ ಬೀದಿಯವರ ಕಣ್ಣಿನ ದೋಷವೆಲ್ಲ ಬಾಯಿಪಾಠವಾಗಿತ್ತು. ಯಾರಿಗೆ ದೂರದ ಬಸ್ಸಿನ ಬೋರ್ಡು ಕಾಣುವುದಿಲ್ಲ, ಯಾರಿಗೆ ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ, ಯಾರು ಕಣ್ಣು ನೆಟ್ಟಗಿದ್ದರೂ ಫ್ರೇಮಿನ ಚೆಂದಕ್ಕೆ ಮಂಜು ಮಂಜು ಎಂದು ಸುಳ್ಳು ಹೇಳುತ್ತಾರೆ, ಎಲ್ಲ ಬಲ್ಲ. ತನ್ನ ಕಣ್ಣಿನ ದೋಷ ಮಾತ್ರ ನಲವತ್ತು ದಾಟಿದರೂ ಅವನಿಗೆ ತಿಳಿದಿರಲಿಲ್ಲ. ಅದನ್ನು ಪತ್ತೆ ಮಾಡಿದವರು ಪಕ್ಕದ ಮನೆಯ ಫಖ್ರುನ್ನೀಸಾ ಟೀಚರು, ಅದೂ ಒಂದು ಪೈಜಾಮದ ದೆಸೆಯಿಂದ. ಪೈಜಾಮದ ವಿಷಯ ಆಮೇಲೆ. ಮೊದಲು ಬಿಲ್ಲಿನದು.

ರಾಜಾನುಕುಂಟೆಯಿಂದ ಒಂದಿಷ್ಟು ಒಳಕ್ಕೆ ಹೋದರೆ ಯೋಗಾನಂದನ ಹುಟ್ಟೂರು. ಅಲ್ಲಿಯ ದೇವರು ಬೇಟೆರಾಯಸ್ವಾಮಿ. ಸಂಕ್ರಾಂತಿಯ ಮಾರನೆಯ ದಿನ ಆತ ಪಲ್ಲಕ್ಕಿಯಲ್ಲಿ ಕೂತು ಊರಾಚೆಯ ಬಯಲಿಗೆ ಬೇಟೆಗೆ ಹೊರಡುತ್ತಾನೆ. ಅಷ್ಟು ದೂರ ಹೋದರೂ ದೇವರು ತಾನೇ ಬಾಣ ಬಿಡುವ ಶ್ರಮ ತೆಗೆದುಕೊಳ್ಳುವುದಿಲ್ಲ. ಆತನ ಪರವಾಗಿ ಬಾಣ ಬಿಡುವ ಹಕ್ಕು ಬಿಲ್ಲಿನ ಮನೆಯವರದು, ಅಂದರೆ ಯೋಗಾನಂದನ ಮನೆಯವರದು. ಬೇಟೆಯಾಗದೆ ದೇವರು ಗುಡಿಗೆ ವಾಪಸಾಗುವಂತಿಲ್ಲ; ದೇವರು ವಾಪಸಾಗದೆ ಊರಿನಲ್ಲಿ ಒಬ್ಬರೂ ಊಟಕ್ಕೆ ಕೂರುವಂತಿಲ್ಲ. ಅವರೆಕಾಳು ಹುಳಿಯ ವಾಸನೆ ಊರು ತುಂಬ ಸುತ್ತುತ್ತಿರುವಾಗ ಗುರಿ ತಪ್ಪುವವನ ಗತಿ ಏನಾಗುತ್ತದೆಂದು ನೀವೇ ಊಹಿಸಿಕೊಳ್ಳಿ.

ತಾತನ ಕಾಲದಲ್ಲಿ ಬಲೆ ಹಾಕಿ ಮೊಲ ಹಿಡಿದು, ಅದರ ಕಿವಿಗೆ ಓಲೆ ಹಾಕಿ, ದೇವರಿಗೆ ತೋರಿಸಿ ಬಿಡುತ್ತಿದ್ದರಂತೆ. ಅದಕ್ಕೂ ಮುಂಚೆ ಏನು ಮಾಡುತ್ತಿದ್ದರೆಂದು ಕೇಳಬಾರದು. ಈಗ ಮೊಲ ಮುಟ್ಟಿದರೆ ಕೇಸು ಬೀಳುತ್ತದೆ. ಮುಟ್ಟೋಣವೆಂದರೂ ಸುತ್ತ ಮೊಲವೇ ಇಲ್ಲ. ಆದ್ದರಿಂದ ಗೋಣಿಚೀಲಕ್ಕೆ ಹುಲ್ಲು ತುರುಕಿ, ನಾಲ್ಕು ಬಿದಿರಿನ ಕಾಲು ಕೊಟ್ಟು, ಒಣ ಕೊಂಬೆ ಸಿಕ್ಕಿಸಿ ಅದನ್ನೇ ಜಿಂಕೆ ಎನ್ನುತ್ತಾರೆ. ಬಿಲ್ಲಿನ ಮನೆಯವನಿಗೆ ಮೂರು ಬಾಣ. ಬಾಣ ತಾಕಿದರೆ ಸಾಲದು, ನಿಲ್ಲಬೇಕು. ಬಯಲಿನ ಗಡಿಯೊಳಗಿನ ಕೊಂಬಿನ ಮೃಗದ ಮೈಯಲ್ಲಿ ಬಾಣ ನಿಂತರೆ ಬೇಟೆ. ಇಷ್ಟೇ ಶಾಸ್ತ್ರ.

ಯೋಗಾನಂದನ ಅಪ್ಪ ಶ್ರೀರಾಮಪ್ಪ ತನ್ನ ಕಾಲದಲ್ಲಿ ಮೂರನೆಯ ಬಾಣವನ್ನು ಬತ್ತಳಿಕೆಯಿಂದ ತೆಗೆದವನೇ ಅಲ್ಲ. ಭುಜ ಹಿಡಿದುಕೊಂಡು ಕೈ ಮೇಲೇಳದಾದಾಗ ಬಿಲ್ಲನ್ನು ಮಗನಿಗೆ ಒಪ್ಪಿಸಿದ. ಮೊದಲ ವರ್ಷ ಮಗನ ಕೊನೆಯ ಬಾಣ ಪಾನಕದ ಕೊಪ್ಪರಿಗೆಗೆ ಬಿತ್ತು. ಎರಡನೆಯ ವರ್ಷ ಇನ್ನೂ ವಿಶೇಷ. ಕೊನೆಯ ಬಾಣ ನೆಟ್ಟಗೆ ಆಕಾಶಕ್ಕೆ ಹೋಯಿತು. ಊರೆಲ್ಲ ಕತ್ತೆತ್ತಿ ನೋಡಿತು. ಕೆಳಕ್ಕೆ ಬಂದದ್ದನ್ನು ಯಾರೂ ನೋಡಲಿಲ್ಲ. ಯುಗಾದಿಗೆಂದು ಊರಿನ ನೀರಿನ ಟ್ಯಾಂಕು ತೊಳೆಯುವಾಗ ಅದು ಸಿಕ್ಕಿತು. ಎರಡು ಸಲವೂ ಪೂಜಾರಿ ನರಸಿಂಹಯ್ಯನೇ ಗುರಿತಪ್ಪಿ ಬಿದ್ದ ಬಾಣವೊಂದನ್ನು ತೆಗೆದುಕೊಂಡು ಹೋಗಿ ಹುಲ್ಲಿನ ಜಿಂಕೆಗೆ ಕೈಯಾರೆ ಚುಚ್ಚಿ, "ಸ್ವಾಮಿ, ಇವತ್ತಿಗೆ ಇದ್ನೇ ಬೇಟೆ ಅಂದ್ಕೊ" ಎಂದು ದೇವರನ್ನು ಸಮಾಧಾನ ಮಾಡಿ ಮನೆಗೆ ಕರೆದುಕೊಂಡು ಹೋಗಿದ್ದ.

ಒಂದೇ ಕೈ ಸತತವಾಗಿ ಮೂರು ವರ್ಷ ತಪ್ಪಿದರೆ ಬಿಲ್ಲು ಆ ಮನೆಯಲ್ಲಿ ಉಳಿಯುವುದಿಲ್ಲ, ತಮ್ಮನ ಮನೆಗೆ ಹೋಗುತ್ತದೆ. ಶ್ರೀರಾಮಪ್ಪನ ತಮ್ಮನ ಮಗ ಬಾಲರಾಜ್ ಅದಕ್ಕಾಗಿ ಆಗಲೇ ಹೊಸ ಶರ್ಟು ಹೊಲಿಸಿಕೊಂಡಿದ್ದ.

ಬಾಲರಾಜ್ ಬಿಲ್ಡರ್. ಬೇಟೆಯ ಬಯಲಿನ ಮುಕ್ಕಾಲು ಭಾಗ ಈಗ ಅವನ ಬಡಾವಣೆ. ಅದಕ್ಕೆ 'ಅಲಾಸ್ಕಾ ಗ್ರೀನ್ಸ್' ಎಂದು ಹೆಸರಿಟ್ಟಿದ್ದ. ಗ್ರೀನ್ಸ್ ಎನ್ನಲು ಅಲ್ಲಿ ಎರಡು ಹೊಂಗೆ ಮರ ಇದ್ದವು. ಅಲಾಸ್ಕಾ ಎನ್ನಲು ಬಾಗಿಲಲ್ಲಿ ಒಂದು ಪ್ರಾಣಿಯನ್ನು ನಿಲ್ಲಿಸಿದ್ದ. ಕುದುರೆಯ ಕಾಲು, ಎಮ್ಮೆಯ ಮೈ, ಒಂಟೆಯ ಮೂತಿ, ತಲೆಯ ಮೇಲೆ ಎರಡು ಮೊರ ಕಟ್ಟಿದಂಥ ಕೊಂಬು. ಲಾರಿಯಷ್ಟು ಎತ್ತರ. ಊರಿನ ಮಕ್ಕಳು ಅದಕ್ಕೆ ಮೊರದ ಕೋಣ ಎನ್ನುತ್ತಿದ್ದರು. ಬಾಲರಾಜ್ ತಿದ್ದುತ್ತಿದ್ದ.

"ಕೋಣ ಅಲ್ರೋ, ಮೂಸ್ ಅದು! ಪ್ಯೂರ್ ಕಂಚು. ಕೆನಡಾ ಇಂದ ಹಡಗಲ್ಲಿ ತರ್ಸಿದೀನಿ. ಮುಟ್ಟಬೇಡಿ, ಪಾಲಿಶ್ ಹೋಗುತ್ತೆ."

ಸೈಟು ನೋಡಲು ಬಂದವರೆಲ್ಲ ಕಂಚಿನ ಮೂಸಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಕಂಚಿನಷ್ಟೇ ಗಟ್ಟಿಯಾದ ನಂಬಿಕೆಯಿಂದ ಮುಂಗಡ ಕೊಟ್ಟು ಹೋಗುತ್ತಿದ್ದರು.

ಯೋಗಾನಂದನಿಗೆ ಬಡಾವಣೆಯ ಮೇಲೆ ಹೊಟ್ಟೆಕಿಚ್ಚಿರಲಿಲ್ಲ. ಅವನ ಪಾಲಿನ ಹೊಲವೂ ಹೀಗೇ ಎಂದೋ ಸೈಟಾಗಿ, ಆ ದುಡ್ಡು ಅಂಗಡಿಯಾಗಿ, ಅಂಗಡಿ ಅವನ ಹೊಟ್ಟೆಯಾಗಿ ಬೆಳೆದಿತ್ತು. ಆದರೆ ಬಿಲ್ಲು ಬೇರೆ ಮಾತು. ಹಳೆಯ ಮನೆಯ ತೊಲೆಗೆ ತೂಗುಹಾಕಿದ್ದ ಆ ಬಿದಿರಿನ ಬಿಲ್ಲು ಇರುವ ತನಕ ತಾವು ಆ ಊರಿನವರು ಎಂದು ಅವನಿಗೆ ಅನ್ನಿಸುತ್ತಿತ್ತು. ಅಪ್ಪ ಎರಡು ವರ್ಷದಿಂದ ಬಿಲ್ಲಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ಕೊರತೆಯನ್ನು ತಾಯಿ ಮುನಿಗಂಗಮ್ಮ ತುಂಬಿಕೊಟ್ಟಳು.

"ಲೇ ಯೋಗ, ಬಿಲ್ಲು ಓದ್ರೆ ಓಗ್ಲಿ ಕಣ್ಲಾ. ಆದ್ರೆ ಬಿಲ್ಲಿನ ಮನೆ ಎಂಗಸ್ರಿಗೇ ಮೊದ್ಲನೇ ಆರತಿ. ಅದೂ ಓಗ್ತದೆ. ಆ ನನ್ ವಾರಗಿತ್ತಿ ತಟ್ಟೆ ಇಡ್ಕೊಂಡು ಮುಂದೆ ನಡೀತಾಳೆ, ನಾನು ಅವಳ ಇಂದೆ. ಅದೊಂದ್ ನೋಡಕ್ಕೆ ಮುಂಚೆ ನನ್ನ ಕಣ್ಣು ಮುಚ್ಚೋಗ್ಲಿ."

"ಅಮ್ಮಾ, ಬಿಡ್ತು ಅನ್ನು."

"ನೀನು ಒಡಿ, ಆಮೇಲೆ ಅಂತೀನಿ."

ಹೀಗಾಗಿ ಈ ಸಲ ಯೋಗಾನಂದ ದೀಪಾವಳಿ ಮುಗಿಯುತ್ತಲೇ ಬಿಲ್ಲನ್ನು ತೊಲೆಯಿಂದ ಇಳಿಸಿ ತಂದು ಅಭ್ಯಾಸಕ್ಕೆ ನಿಂತ. ಯಲಹಂಕದ ಮನೆಯ ತಾರಸಿಯ ಒಂದು ಮೂಲೆಯಲ್ಲಿ ಹುಲ್ಲಿನ ಮೂಟೆ. ಇನ್ನೊಂದು ಮೂಲೆಯಲ್ಲಿ ಅವನು. ಮೊಬೈಲಿನಲ್ಲಿ ಯಾರೋ ಕೊರಿಯಾದ ಹುಡುಗಿ ಬಾಣ ಬಿಡುವ ವಿಡಿಯೋ. ಅವಳ ಹಾಗೆಯೇ ಕಾಲಿಟ್ಟ, ಅವಳ ಹಾಗೆಯೇ ಮೊಣಕೈ ಎತ್ತಿದ, ಅವಳ ಹಾಗೆಯೇ ಉಸಿರು ಬಿಗಿಹಿಡಿದ. ಬಾಣ ಮಾತ್ರ ಯೋಗಾನಂದನ ಹಾಗೆಯೇ ಹೋಗಿ ಪಕ್ಕದ ತಾರಸಿಯ ಹಗ್ಗದ ಮೇಲೆ ಒಣಗುತ್ತಿದ್ದ ಪೈಜಾಮವನ್ನು ಹೊಕ್ಕು, ಅದರ ಸಮೇತ ಹಿಂದಿನ ಗೋಡೆಗೆ ಒರಗಿಸಿಟ್ಟಿದ್ದ ಹಾಸಿಗೆಗೆ ನಾಟಿಕೊಂಡಿತು.

ಫಖ್ರುನ್ನೀಸಾ ಟೀಚರು ಆರ್.ಟಿ. ನಗರದ ಶಾಲೆಯೊಂದರಲ್ಲಿ ಪಿ.ಟಿ. ಮಾಡಿಸಿ ನಿವೃತ್ತರಾದವರು. ಶಾಲೆ ಬಿಟ್ಟು ವರ್ಷಗಳಾದರೂ ಕೊರಳಿನ ಸೀಟಿ ಬಿಟ್ಟಿರಲಿಲ್ಲ. ಅದನ್ನು ಊದಿಕೊಂಡೇ ಮೇಲಕ್ಕೆ ಬಂದರು. ಪೈಜಾಮ ನೋಡಿದರು. ಬಿಲ್ಲು ನೋಡಿದರು. ಯೋಗಾನಂದನ ಮುಖ ನೋಡಿದರು.

"ಏನಪ್ಪಾ ಇದು? ನಮ್ಮನೆಯವ್ರು ಇದರೊಳಗಿದ್ದಿದ್ರೆ?"

ಯೋಗಾನಂದ ಕೈಮುಗಿದು ಕಥೆಯನ್ನೆಲ್ಲ ಹೇಳಿದ. ದೇವರು, ಜಿಂಕೆ, ಬಾಲರಾಜ್, ವಾರಗಿತ್ತಿ. ಟೀಚರು ಪೈಜಾಮದ ತೂತಿನಲ್ಲಿ ಬೆರಳಾಡಿಸುತ್ತಾ ಪೂರ್ತಿ ಕೇಳಿಸಿಕೊಂಡರು.

"ಇನ್ನೊಂದು ಬಿಡು, ನೋಡೋಣ."

ಬಿಟ್ಟ. ಬಾಣ ತುಳಸಿಯ ಕುಂಡಕ್ಕೆ ಹೋಯಿತು.

"ಯೋಗಾನಂದ್, ಸತ್ಯ ಹೇಳು. ಬಾಣ ಬಿಡೋವಾಗ ಏನು ಕಾಣ್ಸುತ್ತೆ?"

ಯೋಗಾನಂದ ಯೋಚಿಸಿದ. ತುಂಬ ಹೊತ್ತು ಯೋಚಿಸಿದ. "ಏನೂ ಕಾಣ್ಸಲ್ಲ ಟೀಚರ್."

"ಹೆಂಗೆ ಕಾಣ್ಸುತ್ತೆ? ಎರಡು ಕಣ್ಣೂ ಮುಚ್ಕೋತೀಯಲ್ಲ!"

ಆಗ ಬಟ್ಟೆ ತೆಗೆಯಲು ಮೇಲೆ ಬಂದಿದ್ದ ಹೆಂಡತಿ ಆಶಾರಾಣಿ, ಮಗ್ಗುಲಲ್ಲೇ ನಿಂತು ಇದನ್ನು ಕೇಳಿ ಅಲ್ಲೇ ಕುಸಿದು ಕೂತು ನಕ್ಕಳು. ಊರಿಗೆಲ್ಲ ಕಣ್ಣು ಪರೀಕ್ಷೆ ಮಾಡುವ ಗಂಡ ಬಾಣ ಬಿಡುವಾಗ ಕಣ್ಣು ಮುಚ್ಚಿಕೊಳ್ಳುತ್ತಾನೆಂಬ ಸುದ್ದಿ ಅವಳಿಗೆ ಒಂದು ವಾರಕ್ಕಾಗುವಷ್ಟು ಸುಖ ಕೊಟ್ಟಿತು. ಯೋಗಾನಂದನಿಗೆ ಆಗ ನೆನಪಾಯಿತು. ಚಿಕ್ಕವನಿದ್ದಾಗ ಕದ್ದು ಆ ಬಿಲ್ಲು ಎಳೆದಿದ್ದ. ಹೆದೆಯ ನಾರು ಬಂದು ಕೆನ್ನೆಗೆ ಫಟಾರನೆ ಹೊಡೆದಿತ್ತು. ಕೆನ್ನೆ ಮರೆತಿತ್ತು, ರೆಪ್ಪೆಗಳು ಮರೆತಿರಲಿಲ್ಲ.

ಕಣ್ಣು ಬಿಡು ಎಂದರೆ ಬಿಡುವುದಕ್ಕಾಗುತ್ತಿರಲಿಲ್ಲ. ಟೀಚರು ಸೀಟಿ ಊದಿದರು, ಬೈದರು, ಎದುರಿಗೆ ನಿಂತು ತಮ್ಮ ಕಣ್ಣು ಅಗಲಿಸಿ ತೋರಿಸಿದರು. ಕೈ ನಾರನ್ನು ಬಿಡುವ ಗಳಿಗೆಯಲ್ಲಿ ರೆಪ್ಪೆ ತಾನಾಗಿ ಬೀಳುತ್ತಿತ್ತು. ಕೊನೆಗೆ ಟೀಚರಿಗೆ ಒಂದು ಉಪಾಯ ಹೊಳೆಯಿತು. ಮಾರನೆಯ ದಿನ ಯೋಗಾನಂದನ ಅಂಗಡಿಗೇ ಹೋಗಿ, ಕಣ್ಣು ಪರೀಕ್ಷೆಯ ಅಕ್ಷರದ ಹಾಳೆಯನ್ನು ಗೋಡೆಯಿಂದ ಕಿತ್ತು ತಂದು ಹುಲ್ಲಿನ ಮೂಟೆಗೆ ಅಂಟಿಸಿದರು.

"ಓದ್ತಾ ಬಿಡು. ಗಟ್ಟಿಯಾಗಿ ಓದ್ಬೇಕು. ನಿಲ್ಲಿಸಬಾರದು. ಕಣ್ಣು ಮುಚ್ಚಿದ್ರೆ ಓದೋದು ನಿಲ್ಲುತ್ತೆ, ನಾನು ಸೀಟಿ ಊದ್ತೀನಿ."

"ಗ... ಟ... ಪ... ಲ..." ಎಂದು ಯೋಗಾನಂದ ಓದಿದ. ದಿನಾ ಬೇರೆಯವರಿಂದ ಓದಿಸುತ್ತಿದ್ದ ಹಾಳೆಯನ್ನು ಜೀವನದಲ್ಲಿ ಮೊದಲ ಸಲ ತಾನು ಓದಿದ. ಓದು ನಡೆಯುತ್ತಿರುವಾಗ ರೆಪ್ಪೆಗೆ ಬೀಳಲು ಪುರುಸೊತ್ತೇ ಸಿಗಲಿಲ್ಲ. 'ಲ' ಎನ್ನುವಾಗ ಕೈ ಬಿಟ್ಟಿತು. ಬಾಣ ಹೋಗಿ 'ಲ'ದ ಮೇಲೆಯೇ ನಿಂತಿತು.

ಟೀಚರು ಇಡೀ ಬೀದಿಗೆ ಕೇಳುವಂತೆ ಸೀಟಿ ಊದಿದರು.

ಅಲ್ಲಿಂದ ಮುಂದೆ ಅಕ್ಷರವಿದ್ದಲ್ಲಿ ಗುರಿ ತಪ್ಪಲಿಲ್ಲ. ಅಕ್ಷರವಿಲ್ಲದಿದ್ದರೆ ಮತ್ತೆ ತುಳಸಿಯ ಕುಂಡ. ಬೇಟೆಯ ಜಿಂಕೆಯ ಮೈಮೇಲೆ ಅಕ್ಷರ ಎಲ್ಲಿಂದ ತರುವುದು? ಈ ಚಿಂತೆಯನ್ನು ಮುನಿಗಂಗಮ್ಮ ಬಗೆಹರಿಸಿದಳು. ಬೇಟೆಗೆ ಮುಂಚೆ ಜಿಂಕೆಗೆ ಅರಿಶಿನ ಕುಂಕುಮ ಇಡುವುದು ಬಿಲ್ಲಿನ ಮನೆಯ ಹೆಂಗಸೇ. ಅವಳಿಗೆ ಸಹಿ ಹಾಕುವಷ್ಟು ಅಕ್ಷರ ಬರುತ್ತಿತ್ತು, ಅದರಲ್ಲೂ ಮೊದಲ ಅಕ್ಷರ ಬಹಳ ದುಂಡಗೆ ಬರುತ್ತಿತ್ತು.

"ಒಟ್ಟೆ ಮ್ಯಾಲೆ ಕುಂಕುಮದಲ್ಲಿ 'ಮು' ಅಂತ ಬರೀತೀನಿ. ನಿಮ್ಮವ್ವನ ಎಸರು ಓದಕ್ಕಾಗ್ದೇ ಇರ್ತದಾ ನಿನಗೆ?"

ಬೇಟೆಯ ದಿನ ಬೆಳಿಗ್ಗೆ ಯೋಗಾನಂದ ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಊರಿಗೆ ಬಂದ. ಹಿಂದೆ ಆಟೋದಲ್ಲಿ ಫಖ್ರುನ್ನೀಸಾ ಟೀಚರು. ಪೈಜಾಮಕ್ಕಾದ ನಷ್ಟಕ್ಕೆ ಫಲ ಸಿಗುವುದನ್ನು ಕಣ್ಣಾರೆ ನೋಡಬೇಕೆಂದು ಅವರ ಹಟ. ಬಡಾವಣೆಯ ಬಾಗಿಲಲ್ಲಿ ಮೂಸಿನ ನೆರಳಿಗೆ ಸ್ಕೂಟರ್ ನಿಲ್ಲಿಸಿದ. ಮೇಲೆ ಗೊರವಂಕ ಒಂದು ಮೂಸಿನ ಕಿವಿಯೊಳಗೆ ತಲೆ ಹಾಕಿ ಏನನ್ನೋ ಕುಟುಕುತ್ತಿತ್ತು. ಆಶಾರಾಣಿ ಗಂಡನ ಹೆಗಲು ಕೊಡವಿದಳು.

"ಏನ್ರೀ ಇದು, ಬಿಳಿ ಬಿಳಿ ಕಾಳು? ಥರ್ಮೋಕೋಲ್ ಥರ ಇದೆ. ಟಿವಿ ಡಬ್ಬ ಏನಾದ್ರೂ ಬಿಚ್ಚಿದ್ರಾ?"

"ಅಂಗಡೀಲಿ ಲೆನ್ಸ್ ಪಾರ್ಸೆಲ್ ಬಂದಿತ್ತಲ್ಲ, ಅದರದ್ದಿರಬೇಕು." ಯೋಗಾನಂದನ ಮನಸ್ಸೆಲ್ಲ 'ಮು' ಎಂಬ ಅಕ್ಷರದಲ್ಲಿತ್ತು.

ಬಯಲಿಗೆ ಬಂದು ನೋಡಿದರೆ ಹುಲ್ಲಿನ ಜಿಂಕೆ ಇರಲಿಲ್ಲ. ಅದರ ಜಾಗದಲ್ಲಿ ಚುಕ್ಕೆಚುಕ್ಕೆಯ, ಕಾಡಿಗೆ ಹಚ್ಚಿದ ಕಣ್ಣಿನ, ಮದುವೆ ಹೆಣ್ಣಿನಂಥ ಫೈಬರ್ ಜಿಂಕೆ ನಿಂತಿತ್ತು. ಪಕ್ಕದಲ್ಲಿ ಬಾಲರಾಜ್, ಕೈಯಲ್ಲಿ ಮೈಕು, ಮೈಮೇಲೆ ಹೊಸ ಶರ್ಟು. ಎದುರಿನ ಸೋಫಾಗಳಲ್ಲಿ ಸೈಟು ಕೊಳ್ಳಲು ಬಂದ ಹೆಬ್ಬಾಳದ ಕಡೆಯ ಜನ.

"ಈ ಸಲ ಜಿಂಕೆ ನನ್ನ ಸೇವೆ! ಆ ಗೋಣಿಚೀಲ ವಿಡಿಯೋದಲ್ಲಿ ಚೆನ್ನಾಗಿ ಬರಲ್ಲ," ಎಂದು ಮೈಕಿನಲ್ಲಿ ಸಾರಿದ. "ಹಂಗೇ ನಮ್ಮ ಗೇಟಲ್ಲಿರೋ ಮೂಸ್ ನೋಡಿ. ಜಿಂಕೆ ಜಾತೀಲೇ ಅತಿ ದೊಡ್ಡದು ಮೂಸ್. ಜಿಂಕೆಗಳಿಗೆಲ್ಲಾ ರಾಜ! ಬೇಟೆರಾಯಸ್ವಾಮಿ ಪಾದದ ಹತ್ರ ಜಿಂಕೆಗಳ ರಾಜ ನಿಂತಿದಾನೆ ಅಂದ್ರೆ, ಈ ಜಾಗದ ಮಹಿಮೆ ನೀವೇ ಲೆಕ್ಕ ಹಾಕಿ. ಈಸ್ಟ್ ಫೇಸಿಂಗ್ ಇನ್ನು ಕೆಲವೇ ಉಳಿದಿದಾವೆ!"

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಶ್ರೀರಾಮಪ್ಪ ಫೈಬರ್ ಜಿಂಕೆಯನ್ನು ನೋಡಿ ಹುಬ್ಬು ಗಂಟಿಕ್ಕಿದ.

ಮಧ್ಯಾಹ್ನಕ್ಕೆ ಪಲ್ಲಕ್ಕಿ ಬಂತು. ತಮಟೆ ನಿಂತಿತು. ಮುನಿಗಂಗಮ್ಮ ತಟ್ಟೆ ಹಿಡಿದು ಹೋಗಿ ಜಿಂಕೆಯ ಹೊಟ್ಟೆಗೆ ಕುಂಕುಮ ಹಚ್ಚಿದಳು; ಹಚ್ಚುತ್ತಲೇ ಇದ್ದಳು. ಯಾಕಿಷ್ಟು ಹೊತ್ತು ಎಂದು ವಾರಗಿತ್ತಿ ಮೂಗು ಮುರಿದಳು. ಮುನಿಗಂಗಮ್ಮ ಬದಿಗೆ ಸರಿದಾಗ ಜಿಂಕೆಯ ಹೊಟ್ಟೆಯ ಮೇಲೆ ಮುದ್ದೆಯಷ್ಟು ದಪ್ಪ 'ಮು' ಮೂಡಿತ್ತು.

ಯೋಗಾನಂದ ಪಲ್ಲಕ್ಕಿಯ ಮುಂದೆ, ಗೆರೆಯ ಮೇಲೆ ನಿಂತ. ಇದು ತಪ್ಪಿದರೆ ಮುಂದಿನ ವರ್ಷ ತೊಲೆಯ ಮೇಲೆ ಬಿಲ್ಲಿರುವುದಿಲ್ಲ. ನಾರು ಎಳೆದು ಬಾಯಿ ತೆರೆದ.

"ಮೂ..." ಎಂದ.

ಊರು ದಂಗಾಯಿತು. ಹಸು ಕೂಗಿದ ಹಾಗಿತ್ತು. ಆದರೆ ಬಾಣ ಗೆರೆ ಎಳೆದ ಹಾಗೆ ಹೋಗಿ 'ಮು' ಅಕ್ಷರದ ಹೊಟ್ಟೆಗೇ ತಾಕಿತು. ತಾಕಿ, ಟಣ್ ಎಂದು, ಪುಟಿದು ಹಿಂದಕ್ಕೆ ಬಿತ್ತು.

ಜನ ಹೋ ಎಂದರು. ಬಾಲರಾಜ್ ಮೈಕು ಎತ್ತಿದ. "ಯೋಗಣ್ಣ ಸೂಪರ್! ಆದ್ರೆ ನಿಲ್ಲಲಿಲ್ಲ. ಶಾಸ್ತ್ರ ಅಂದ್ರೆ ಶಾಸ್ತ್ರ. ಏನಂತೀರಾ ಪೂಜಾರಪ್ಪ?"

ನರಸಿಂಹಯ್ಯ ಬೇಸರದಿಂದ ತಲೆಯಾಡಿಸಿದ. "ತಾಕ್ತು. ನಿಲ್ಲಲಿಲ್ಲ."

ಎರಡನೆಯ ಬಾಣ. "ಮೂ..." ಎಂದು ಇನ್ನೂ ಗಟ್ಟಿಯಾಗಿ ಓದಿದ. ಬಾಣ ಇನ್ನೂ ಜೋರಾಗಿ ತಾಕಿತು, ಇನ್ನೂ ಜೋರಾಗಿ ಪುಟಿಯಿತು. ಜಿಂಕೆಗೆ ಒಂದು ಗೀರೂ ಬೀಳಲಿಲ್ಲ. ಕಾಡಿಗೆ ಕಣ್ಣಿನಿಂದ ಯೋಗಾನಂದನನ್ನೇ ನೋಡಿ ನಗುತ್ತಿತ್ತು. ಕುಂಕುಮ ಚೆದುರಿ, 'ಮು' ಹೋಗಿ ಬರೀ ಕೆಂಪು ಮಸಿಯಾಯಿತು.

ಫೈಬರಿನಲ್ಲಿ ಬಾಣ ನಿಲ್ಲುವುದಿಲ್ಲವೆಂದು ಬಾಲರಾಜನಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ ಬೇಟೆರಾಯನಿಗೇ ಗೊತ್ತು. ಮುಖ ನೋಡಿದರೆ ಗೊತ್ತಿದ್ದವನ ಹಾಗೆಯೇ ಇತ್ತು. ಯೋಗಾನಂದನಿಗೆ ಮೈಯೆಲ್ಲ ಉರಿಯಿತು. ಎರಡು ಸಲ ನಿಜವಾಗಿ ಹೊಡೆದೂ ಸೋಲುವುದೆಂದರೆ, ಪಾನಕದ ಕೊಪ್ಪರಿಗೆಗೆ ಹೊಡೆದು ಸೋತದ್ದಕ್ಕಿಂತ ಹೆಚ್ಚು ಅಳು ಬರುವಂಥದ್ದು. ಅಪ್ಪನ ಕಡೆ ನೋಡಿದ. ಅಪ್ಪ ನೆಲ ನೋಡುತ್ತಿದ್ದ. ಜನರ ಗುಂಪಿನಿಂದ ಯಾರೋ, "ಬೇಗ ಮುಗ್ಸು ಗುರೂ, ಮುದ್ದೆ ಆರೋಯ್ತದೆ" ಎಂದು ಕೂಗಿದರು.

ಬೆವರು ಒರೆಸಿಕೊಳ್ಳಲು ತೋಳು ಎತ್ತಿದಾಗ ಅಂಗಿಯ ಮಡಿಕೆಯಲ್ಲಿ ಒಂದು ಬಿಳಿಯ ಕಾಳು ಕಂಡಿತು. ಯೋಗಾನಂದ ಅದನ್ನು ಬೆರಳಲ್ಲಿ ಒತ್ತಿ ನೋಡಿದ. ಕರ್ ಎಂದಿತು. ಲೆನ್ಸು ಬರುವುದು ಬಬಲ್ ಕವರಿನಲ್ಲಿ, ಥರ್ಮೋಕೋಲಿನಲ್ಲಲ್ಲ ಎಂದು ಅವನಿಗೆ ಆಗ ನೆನಪಾಯಿತು. ಆಮೇಲೆ ಗೊರವಂಕ ನೆನಪಾಯಿತು. ಕೆನಡಾದ ಕಂಚನ್ನು ಯಾವ ಗೊರವಂಕ ಕುಟುಕಿ ಕಿವಿಯಿಂದ ಹೊರಗೆ ಎಳೆಯುತ್ತದೆ?

ಯೋಗಾನಂದ ಗೆರೆಯ ಮೇಲೆ ನಿಂತಲ್ಲೇ ಮೆಲ್ಲನೆ ಮಗ್ಗುಲಿಗೆ ತಿರುಗಿದ. ಬಡಾವಣೆಯ ಬಾಗಿಲಿನ ಕಡೆ.

"ಯೋಗಣ್ಣ, ಜಿಂಕೆ ಈ ಕಡೆ," ಎಂದ ಬಾಲರಾಜ್.

ಬಾಗಿಲಿನಲ್ಲಿ ಮೂಸ್ ನಿಂತಿತ್ತು. ಲಾರಿಯಷ್ಟು ಎತ್ತರ, ಅಡ್ಡವಾಗಿ, ಅಷ್ಟಗಲ ಹೊಟ್ಟೆ ತೋರಿಸಿಕೊಂಡು. ಜನ ಬೆಚ್ಚಿ ಎರಡೂ ಕಡೆಗೆ ಹಂಚಿಹೋಗಿ ದಾರಿ ಬಿಟ್ಟರು. ಇವನ ಹಳೆಯ ಬಾಣಗಳ ನೆನಪು ಅವರಿಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಮೂಸಿನ ಪಕ್ಕೆಗೆ ಬಾಲರಾಜ್ ತಾನೇ ಕಟ್ಟಿಸಿದ ಬಟ್ಟೆಯ ಬ್ಯಾನರು ಇತ್ತು. ಅದರ ಮೇಲೆ ಒಂದೊಂದೂ ಮೊರದಷ್ಟು ದೊಡ್ಡ ಅಕ್ಷರಗಳು.

"ಅಲ್ಲೇ ಇದೆ! ಓದು!" ಎಂದು ಫಖ್ರುನ್ನೀಸಾ ಟೀಚರು ಸೋಫಾದ ಹಿಂದಿನಿಂದ ಕೂಗಿ ಸೀಟಿ ಊದಿದರು.

"ನಿ..." ಎಂದ ಯೋಗಾನಂದ. "ವೇ... ಶ... ನ..."

"ಯಾವ ಮಂತ್ರಾನೋ ಏಳ್ತಾವ್ನೆ," ಎಂದು ಮುದುಕರೊಬ್ಬರು ಕೈಮುಗಿದರು.

"ಲೇಯ್ ಲೇಯ್ ಯೋಗಣ್ಣ, ಬೇಡ! ಅದು ಕಂಚು!" ಎಂದು ಬಾಲರಾಜ್ ಮೈಕು ಹಿಡಿದೇ ಓಡಿದ. ವೈರು ಮುಗಿದು ಅಲ್ಲೇ ನಿಂತ.

"ಲ... ಭ್ಯ!"

ಒತ್ತಕ್ಷರದ ಮೇಲೆ ಕೈ ಬಿಟ್ಟಿತು. ಬಾಣ ಹೋಯಿತು. ಯೋಗಾನಂದನ ಕಣ್ಣು ಅದು ಹೋಗುವುದನ್ನು ಕೊನೆಯ ತನಕ ನೋಡಿತು. 'ಭ್ಯ'ದ ಬೆನ್ನಿಗೆ ಧಸಕ್ ಎಂದು ಹೊಕ್ಕು, ಬಾಲ ಅಲ್ಲಾಡಿಸಿಕೊಂಡು, ನಿಂತಿತು.

ಬಾಣ ಹೊಕ್ಕ ತೂತಿನಿಂದ ಬಿಳಿಯ ಕಾಳು ಸುರಿಯಲು ಶುರುವಾಯಿತು. ಹರಿದ ಮೂಟೆಯಿಂದ ಮಂಡಕ್ಕಿ ಸುರಿದ ಹಾಗೆ ಸುರಿಯಿತು. ಸಣ್ಣ ಗಾಳಿ ಬಂದು ಅದನ್ನು ಎತ್ತಿ ಊರ ಮೇಲೆಲ್ಲ ಚೆಲ್ಲಿತು. ಅಲಾಸ್ಕಾ ಗ್ರೀನ್ಸ್‌ನಲ್ಲಿ ಮೊದಲ ಸಲ ಹಿಮ ಬಿತ್ತು.

"ಆಗಲ್ಲ! ಇದು ಲೆಕ್ಕಕ್ಕೆ ಬರಲ್ಲ!" ಬಾಲರಾಜ್ ಕಿರುಚಿದ. "ಅದು ಜಿಂಕೆ ಅಲ್ಲ!"

ನರಸಿಂಹಯ್ಯ ನಿಧಾನಕ್ಕೆ ಎಲೆಅಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸಾಗಿಸಿದ. ಹಸಿವು ಅವನಿಗೂ ಆಗಿತ್ತು. "ಬಾಲರಾಜಣ್ಣ, ಬೆಳಿಗ್ಗೆ ದೇವರ ಎಸರೆತ್ತಿ ಮೈಕಲ್ಲಿ ನೀವೇ ಏಳಿದ್ರಿ. ಜಿಂಕೆ ಜಾತೀಲೇ ದೊಡ್ಡದು, ಜಿಂಕೆಗಳ ರಾಜ ಅಂತ. ಕೊಂಬೈತೆ. ಗಡಿ ಒಳಗೈತೆ."

"ಅದು ಪ್ರತಿಮೆ ಪೂಜಾರಪ್ಪ! ಕಂಚಿನ ಪ್ರತಿಮೆ!"

"ಸರಿ ಬುಡಿ. ಕಂಚಾದ್ರೆ ಬಾಣ ನಿಂತಿಲ್ಲ ಅಂತಾಯ್ತು, ಬೇಟೆ ಆಗ್ಲಿಲ್ಲ. ಬಾಣ ನಿಂತೈತೆ ಅಂದ್ರೆ ಕಂಚಲ್ಲ. ಯಾವುದು ಅಂತ ನೀವೇ ಏಳ್ಬುಡಿ, ಅಂಗೇ ಮಾಡಾಣ."

ಬಾಲರಾಜ್ ಬಾಯಿ ತೆರೆದ. ಸೋಫಾದಿಂದ ಎದ್ದುನಿಂತಿದ್ದ ಪದ್ಮಶ್ರೀ ಎಂಬ ಹೆಂಗಸು, ಈಸ್ಟ್ ಫೇಸಿಂಗ್ ಸೈಟಿಗೆ ಮುಂಗಡ ಕೊಟ್ಟವಳು, ಕೂದಲಲ್ಲಿ ಸಿಕ್ಕಿದ ಬಿಳಿ ಕಾಳನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು, "ಹೂಂ, ಹೇಳಿ ಸಾರ್, ನಾವೂ ಕೇಳ್ತೀವಿ" ಎಂದಳು. ಬಾಲರಾಜ್ ಬಾಯಿ ಮುಚ್ಚಿದ.

"ಬೇಟೆ ಆಯ್ತು!" ಎಂದು ನರಸಿಂಹಯ್ಯ ಕೂಗಿದ. ತಮಟೆ ಸಿಡಿಯಿತು.

ಬೇಟೆಯನ್ನು ಹೊತ್ತು ಪಲ್ಲಕ್ಕಿಯ ಮುಂದೆ ನಡೆಯುವುದು ಪದ್ಧತಿ. ಅಷ್ಟು ದೊಡ್ಡದನ್ನು ಎತ್ತಲು ಊರಿನ ಗಟ್ಟಿಮುಟ್ಟಾದ ಗಂಡಸರೆಲ್ಲ ಪಂಚೆ ಎತ್ತಿ ಕಟ್ಟಿ, ಅಂಗೈಗೆ ಉಗುಳಿಕೊಂಡು, "ಬೇಟೆರಾಯಾ ಗೋವಿಂದಾ" ಎಂದು ಒಟ್ಟಿಗೆ ಎತ್ತಿದರು. ಮೂಸ್ ಚಂಗನೆ ತಲೆಯ ಮೇಲೆ ಹಾರಿ ಹೋಯಿತು. ಹಿಡಿದವರು ಆಯತಪ್ಪಿ ಹಿಂದಕ್ಕೆ ಬಿದ್ದರು. ಕೊನೆಗೆ ಇಬ್ಬರೇ ಹೊತ್ತರು, ಅದೂ ಗಾಳಿಗೆ ಹೋಗದಿರಲೆಂದು. ಎರಡು ವರ್ಷದಿಂದ ಚೊಂಬೂ ಎತ್ತದಿದ್ದ ಶ್ರೀರಾಮಪ್ಪ ಎದ್ದುಬಂದು ಮೂಸಿನ ಒಂದು ಕಾಲಿಗೆ ಕೈ ಕೊಟ್ಟ.

ಗುಡಿಯ ಮುಂದೆ ಬೇಟೆಯ ಪಾಲು ಹಂಚಿದರು. ಮೊದಲ ತೊಡೆ ತಮ್ಮನ ಮನೆಗೆ ಸಲ್ಲಬೇಕೆಂಬುದು ಮೊದಲಿನಿಂದ ಬಂದ ಪದ್ಧತಿ. ಯೋಗಾನಂದ ಹಿಂಗಾಲು ಮುರಿದು ಎರಡೂ ಕೈಯಲ್ಲಿ ಬಾಲರಾಜನಿಗೆ ಕೊಟ್ಟ. ಬಾಲರಾಜ್ ಹೊಸ ಶರ್ಟಿನ ಮೇಲೆಲ್ಲ ಬಿಳಿ ಕಾಳು ಮೆತ್ತಿಸಿಕೊಂಡು, ಆಳೆತ್ತರದ ಕಾಲನ್ನು ತಬ್ಬಿಕೊಂಡು ನಿಂತ. ಅವನ ಹಿಂದೆ ಪದ್ಮಶ್ರೀ ನಿಂತಿದ್ದಳು, ಅವಳ ಹಿಂದೆ ಮುಂಗಡ ಕೊಟ್ಟ ಉಳಿದವರು.

"ಯೋಗಣ್ಣ," ಎಂದ ಮೆಲ್ಲಗೆ. "ಈ ಜನಕ್ಕೆ ಏನೋ ಒಂದು ಏಳಣ್ಣಾ."

"ಏನ್ ಹೇಳ್ಲೋ? ಎಲ್ಲರಿಗೂ ಕಣ್ಣು ಸರಿಯಾಗೇ ಇದೆ. ಬೇಕಿದ್ರೆ ಟೆಸ್ಟ್ ಮಾಡಿಕೊಡ್ತೀನಿ."

ಗಂಟೆ ಮೊಳಗಿತು. ಮಹಾಮಂಗಳಾರತಿಗೆ ಊರೆಲ್ಲ ಕೈಮುಗಿದು ಭಕ್ತಿಯಿಂದ ಕಣ್ಣು ಮುಚ್ಚಿತು. ಅಭ್ಯಾಸಬಲದಿಂದ ಯೋಗಾನಂದನ ರೆಪ್ಪೆಯೂ ಇಳಿಯತೊಡಗಿತು. ಗರ್ಭಗುಡಿಯ ಬಾಗಿಲ ಮೇಲೆ ದೇವರ ಹೆಸರು ಬರೆದಿತ್ತು. ಬೇ... ಟೆ... ರಾ... ಎಂದು ಮನಸ್ಸಿನಲ್ಲೇ ಓದಿಕೊಂಡ. ಕಣ್ಣು ತೆರೆದೇ ಉಳಿಯಿತು.

ಹಾಗಾಗಿ ಅವನೊಬ್ಬ ಎಲ್ಲವನ್ನೂ ನೋಡಿದ. ಎಲ್ಲರಿಗಿಂತ ಮುಂದೆ ಆರತಿ ತಟ್ಟೆ ಹಿಡಿದಿದ್ದ ಅಮ್ಮನ ಕಣ್ಣೂ ತೆರೆದೇ ಇತ್ತು; ಅವಳು ದೇವರನ್ನು ಬಿಟ್ಟು ಓರೆಗಣ್ಣಿನಲ್ಲಿ ವಾರಗಿತ್ತಿಯನ್ನು ನೋಡುತ್ತಿದ್ದಳು. ಆಶಾರಾಣಿ ಕಣ್ಣು ಮುಚ್ಚಿಕೊಂಡೇ ನಗು ತಡೆಯುತ್ತಿದ್ದಳು. ಜಗಲಿಯ ಕೆಳಗೆ ಫಖ್ರುನ್ನೀಸಾ ಟೀಚರು ಸೀಟಿಯನ್ನು ಸೆರಗಿನಲ್ಲಿ ಒರೆಸುತ್ತಿದ್ದರು. ಕಂಬದ ಮರೆಯಲ್ಲಿ ಅಪ್ಪ, ಎಲ್ಲರ ಕಣ್ಣೂ ಮುಚ್ಚಿದೆಯೆಂಬ ಧೈರ್ಯದಲ್ಲಿ, ಬಿಲ್ಲನ್ನು ಎದೆಗೆ ಅವಚಿಕೊಂಡು, ಹೆಗಲ ಟವೆಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.

ಯೋಗಾನಂದ ಅದನ್ನು ನೋಡಿದ. ಆಮೇಲೆ, ಅಪ್ಪ ತಲೆ ಎತ್ತುವುದಕ್ಕೆ ಮುಂಚೆ, ತಾನೇ ಬೇಕೆಂದು ಕಣ್ಣು ಮುಚ್ಚಿಕೊಂಡ.